ಹೆಸರುಕಾಳಿನಷ್ಟು ಮಳೆ

ಎಲ್ಲರಿಗೂ ನಮಸ್ಕಾರ. ಬೆಳಗ್ಗೆಯಿಂದ ಸೋನೆ ಹಿಡಿದಿದೆ. ಬಾಗಿಲ ಹತ್ತಿರ ಕೊಡೆಗಳ ರಾಶಿ ದಾಟಿಕೊಂಡೇ ಒಳಗೆ ಬಂದೆ. ಇಂಥ ದಿನ ಮಳೆ ಬಾರದ ಕಥೆ ಹೇಳಲು ನಿಂತಿದ್ದೇನೆ, ಸ್ವಲ್ಪ ಸಹಿಸಿಕೊಳ್ಳಿ.

ನಾನಿರುವುದು ಅಮೆರಿಕದ ಅರಿಝೋನಾ ರಾಜ್ಯದ ಫೀನಿಕ್ಸ್‌ನಲ್ಲಿ. ಸೊನೊರಾ ಮರುಭೂಮಿಯ ಊರು. ಹೋದ ಹೊಸದರಲ್ಲಿ ಆಫೀಸಿನಲ್ಲಿ ಯಾರೋ 'ಮಾನ್ಸೂನ್ ಇನ್ನೂ ಶುರುವಾಗಿಲ್ಲ' ಅಂದಾಗ ನನಗೆ ನಗು ಬಂತು. ಮರಳುಗಾಡಿಗೆ ಎಂಥ ಮಾನ್ಸೂನ್? ಆದರೆ ಇದೆ. ಜೂನ್ 15ರಿಂದ ಸೆಪ್ಟೆಂಬರ್ 30ರವರೆಗೆ. ನಮ್ಮ ಲೆಕ್ಕದಲ್ಲಿ ಮೃಗಶಿರಾ ಮಳೆಯ ನಡುವೆ ಶುರುವಾಗಿ ಹಸ್ತ ಕಾಲಿಡುವ ಹೊತ್ತಿಗೆ ಮುಗಿಯುತ್ತದೆ.

ಈ ತಾರೀಕು ಗೊತ್ತುಮಾಡಿದ್ದು 2008ರಲ್ಲಿ. ಅದಕ್ಕೂ ಮುಂಚೆ ಫೀನಿಕ್ಸ್‌ನಲ್ಲಿ ಗಾಳಿಯ ತೇವ ನೋಡಿ ಹೇಳುತ್ತಿದ್ದರು. ಇಬ್ಬನಿ ಬಿಂದು, ಅಂದರೆ ಗಾಳಿಯ ತೇವ ಇಬ್ಬನಿಯಾಗಿ ಕಟ್ಟುವ ತಾಪ. ಅದರ ಸರಾಸರಿ ಸಾಲಾಗಿ ಮೂರು ದಿನ 55 ಡಿಗ್ರಿ ಫ್ಯಾರನ್‌ಹೀಟ್ ಮುಟ್ಟಿದರೆ ಮಾನ್ಸೂನ್ ಬಂತು ಅಂತ. ನನಗೆ ಆ ಹಳೇ ಪದ್ಧತಿಯೇ ಇಷ್ಟ. ಬರುವವರು ಬಾಗಿಲು ತಟ್ಟಿದ ಮೇಲೆ ತಾನೇ ನೆಂಟರು ಬಂದರು ಅನ್ನುವುದು?

ಫೀನಿಕ್ಸ್‌ಗೆ ಈ ಮೂರೂವರೆ ತಿಂಗಳಲ್ಲಿ ಸಿಗುವ ಸರಾಸರಿ ಮಳೆ 62 ಮಿಲಿಮೀಟರ್. ಆಗುಂಬೆಯಲ್ಲಿ ಅಷ್ಟು ಮಳೆ ಒಂದು ಬೆಳಗ್ಗೆ ಸುರಿದರೆ ಯಾರೂ ಕಿಟಕಿ ಕಡೆ ತಿರುಗಿಯೂ ನೋಡುವುದಿಲ್ಲ. 2020ರಲ್ಲಿ ಬಂದದ್ದು 25 ಮಿಲಿಮೀಟರ್. ಜನ ಮಾನ್ಸೂನ್ ಅನ್ನುವುದನ್ನೇ ತಿರುಚಿ 'ನಾನ್‌ಸೂನ್' ಅಂದರು. 2023ರಲ್ಲಿ? 3.8. ಇಡೀ ಮಳೆಗಾಲವನ್ನು ನೆಲದ ಮೇಲೆ ಹರಡಿದರೆ ಒಂದು ಹೆಸರುಕಾಳಿನ ದಪ್ಪ. ಅದಕ್ಕೂ ಹಿಂದಿನ ಕೆಟ್ಟ ದಾಖಲೆ 1924ರದ್ದು. ಆಗಲೂ 9 ಮಿಲಿಮೀಟರಿನಷ್ಟು ಬಂದಿತ್ತು.

ಈಚಿನ ವರ್ಷಗಳ ಈ ಲೆಕ್ಕ ವಿಮಾನ ನಿಲ್ದಾಣದ ಮಾಪಕದ್ದು. ಫೀನಿಕ್ಸ್‌ನ ಮಳೆ ಚೆಲ್ಲಾಪಿಲ್ಲಿ. ಒಂದು ಬೀದಿಯಲ್ಲಿ ಮೊಣಕಾಲುದ್ದ ನೀರು, ಎರಡು ಬೀದಿ ಆಚೆ ಧೂಳು. ನಾನೂ ಹಿತ್ತಲಲ್ಲಿ ಒಂದು ಪ್ಲಾಸ್ಟಿಕ್ ಮಾಪಕ ನೆಟ್ಟಿದ್ದೆ. 2023ರಲ್ಲಿ ಅದರೊಳಗೆ ಜೇಡ ಬಲೆ ಕಟ್ಟಿತು.

ಮೋಡ ಬರಲಿಲ್ಲ ಅಂದುಕೊಳ್ಳಬೇಡಿ. ಅದೇ ಸಂಕಟ. ಸಂಜೆ ನಾಲ್ಕರ ಹೊತ್ತಿಗೆ ಪೂರ್ವದ ಗುಡ್ಡಗಳ ಮೇಲೆ ಹೂಕೋಸಿನ ಹಾಗೆ ಮೋಡ ಉಬ್ಬುತ್ತದೆ. ತಳ ಕಪ್ಪಾಗುತ್ತದೆ. ಆಮೇಲೆ ಅಲ್ಲಿಂದ ಬೂದು ಬಣ್ಣದ ಎಳೆಗಳು ಇಳಿಯಲು ಶುರು. ಮಳೆಯೇ ಅದು, ಕಣ್ಣಿಗೆ ಕಾಣುತ್ತಿದೆ. ಆದರೆ ಅರ್ಧ ದಾರಿಗೆ ಎಳೆಗಳು ತೆಳ್ಳಗಾಗುತ್ತವೆ, ನೆಲ ಮುಟ್ಟುವ ಮೊದಲೇ ಇಲ್ಲವಾಗುತ್ತವೆ. ಕೆಳಗಿನ ಒಣಗಾಳಿ ಹನಿಗಳನ್ನು ನಡುದಾರಿಯಲ್ಲೇ ಕುಡಿದುಬಿಡುತ್ತದೆ. ಒಣಗಲು ಹಾಕಿದ ಸೀರೆಯ ಹಾಗೆ ಮಳೆ ಆಕಾಶದಲ್ಲೇ ನೇತಾಡುತ್ತಿರುತ್ತದೆ. ಹಾಗೆ ಆವಿಯಾಗುವಾಗ ತಣ್ಣಗಾದ ಗಾಳಿ ಮಾತ್ರ ದಬ್ಬನೆ ಕೆಳಗೆ ಬಿದ್ದು ಧೂಳು ಎಬ್ಬಿಸುತ್ತದೆ. ಇಂಥ ಧೂಳಿನ ಗೋಡೆಗೆ 'ಹಬೂಬ್' ಅನ್ನುತ್ತಾರೆ. 2011ರ ಜುಲೈ 5ರಂದು ಬಂದದ್ದು ಸುಮಾರು ಒಂದು ಮೈಲಿ ಎತ್ತರವಿತ್ತು. ಆಗ ಕೆಲವರು ಅರಬ್ಬಿ ಪದ ನಮಗ್ಯಾಕೆ ಅಂತ ಸಿಟ್ಟಾದರಂತೆ. ಮಾನ್ಸೂನ್ ಅನ್ನುವುದರ ಬೇರೂ ಅರಬ್ಬಿಯೇ, ಯಾರು ಹೇಳಬೇಕು ಅವರಿಗೆ!

ಮಳೆ ಹೀಗೆ ಕೈಕೊಡಲು ಕಾರಣ ಏನು? ಅಸಲಿಗೆ ಇದು ಮೆಕ್ಸಿಕೊದ ಮಳೆ. ಅಲ್ಲಿನ ಸಿಯೆರಾ ಮಾದ್ರೆ ಬೆಟ್ಟಸಾಲಿನಲ್ಲಿ ಅದರ ಮನೆ. ಅರಿಝೋನಾಕ್ಕೆ ಸಿಗುವುದು ಸೆರಗಿನ ಅಂಚು. ಬೇಸಿಗೆಯಲ್ಲಿ ಮೇಲುಗಾಳಿಯಲ್ಲಿ ಹೆಚ್ಚು ಒತ್ತಡದ ಒಂದು ದೊಡ್ಡ ಸುಳಿ ಕೂರುತ್ತದೆ. ಅದು ಉತ್ತರಕ್ಕೆ ಸರಿದು ನಾಲ್ಕು ರಾಜ್ಯಗಳು ಕೂಡುವ ಮೂಲೆಯ ಹತ್ತಿರ ಕೂತರೆ, ಅದರ ದಕ್ಷಿಣ ಅಂಚಿನ ಗಾಳಿ ತೇವ ಹೊತ್ತು ತರುತ್ತದೆ. ತಲೆ ಮೇಲೇ ಕೂತರೆ ಗಾಳಿ ಕೆಳಗಿಳಿದು ಇನ್ನೂ ಬಿಸಿಯಾಗುತ್ತದೆ, ಮೋಡ ಏಳಲು ಬಿಡುವುದಿಲ್ಲ. ಕೆಲವು ನೂರು ಮೈಲಿ ಆಚೀಚೆ ಅಷ್ಟೇ.

ಮಿಲಿಮೀಟರ್ ಲೆಕ್ಕ ಬಿಡಿ. ಫೀನಿಕ್ಸ್‌ನ ನಲ್ಲಿಗೆ ನೀರು ಹೆಚ್ಚಾಗಿ ಬರುವುದು ದೂರದ ನದಿಗಳಿಂದ. ಹಾಗಾಗಿ ಮಳೆ ಕೈಕೊಟ್ಟಾಗ ನಿಜವಾಗಿ ಹೋಗುವುದು ನೀರಲ್ಲ, ರಾತ್ರಿಯ ತಂಪು. ಮೋಡದ ನೆರಳಿಲ್ಲ, ಸಂಜೆಯ ತಂಪಿಲ್ಲ, ಹಗಲು ಕಾದ ಕಾಂಕ್ರೀಟು ಆರುವುದೇ ಇಲ್ಲ. 2023ರಲ್ಲಿ ಸತತ 31 ದಿನ ಹಗಲಿನ ಬಿಸಿ 43 ಡಿಗ್ರಿ ಸೆಲ್ಸಿಯಸ್ ದಾಟಿತು. ಜುಲೈ 19ರಂದು ದಿನದ ಅತಿ ಕಡಿಮೆ ತಾಪವೇ 36. ತಣ್ಣೀರಿನ ನಲ್ಲಿ ತಿರುಗಿಸಿದರೆ ಬಿಸಿನೀರು. ಆ ವರ್ಷ ಫೀನಿಕ್ಸ್ ಇರುವ ಮಾರಿಕೋಪಾ ಕೌಂಟಿಯಲ್ಲಿ, ಅಂದರೆ ಜಿಲ್ಲೆಯಲ್ಲಿ, ಸೆಖೆಗೆ ಸಂಬಂಧಿಸಿ ಸತ್ತವರು 645 ಮಂದಿ.

ಸವಾರೊ ಅಂತ ಒಂದು ಕಳ್ಳಿ ಇದೆ, ಕೈ ಎತ್ತಿ ನಿಂತ ಮನುಷ್ಯನ ಹಾಗೆ. ಮೊದಲ ಕೈ ಮೂಡಲು ಐವತ್ತರಿಂದ ಎಪ್ಪತ್ತೈದು ವರ್ಷ ಬೇಕು. ಅದು ಹಗಲು ಬಾಯಿ ಮುಚ್ಚಿಕೊಂಡು ರಾತ್ರಿ ಉಸಿರಾಡುತ್ತದೆ. ರಾತ್ರಿಯೇ ತಂಪಾಗದಿದ್ದರೆ? ಆ ಬೇಸಿಗೆಯಲ್ಲಿ ಕೈಗಳು ಕಳಚಿ ಬಿದ್ದವು, ಕೆಲವು ಬುಡಸಮೇತ ಉರುಳಿದವು. ಅದರ ಹಣ್ಣು ಮಾಗುವುದು ಮಳೆಗೆ ಸ್ವಲ್ಪ ಮುಂಚೆ. ಅಲ್ಲಿನ ಮೂಲನಿವಾಸಿ ತೊಹೊನೊ ಓಧಮ್ ಜನ ಉದ್ದ ಗಳದಿಂದ ಹಣ್ಣು ಉದುರಿಸಿ, ಪಾಕ ಕಾಯಿಸಿ, ಹುಳಿಬರಿಸಿ ಕುಡಿದು ಮಳೆಯನ್ನು ಕರೆಯುತ್ತಾರೆ. ಅವರ ಹೊಸ ವರ್ಷ ಶುರುವಾಗುವುದೂ ಆಗಲೇ. ಜನವರಿಗಿಂತ ಇದು ಜಾಸ್ತಿ ಸರಿ ಅನ್ನಿಸುತ್ತದೆ ನನಗೆ.

ಫೀನಿಕ್ಸ್‌ನಿಂದ ದಕ್ಷಿಣಕ್ಕಿರುವ ಟೂಸಾನ್ ಊರಿನಲ್ಲಿ 2020ರ ಮಳೆಗಾಲದಲ್ಲಿ 41 ಮಿಲಿಮೀಟರ್ ಬಂತು, ಮರುವರ್ಷ 325. ಆ ವರ್ಷ ಗುಡುಗಿಗೆ ನೆಲದೊಳಗಿಂದ ಕಪ್ಪೆಗಳು ಎದ್ದು ಬಂದು ಕೂಗಿದವು. ವರ್ಷದ ಹೆಚ್ಚು ದಿನ ಮಣ್ಣಿನಡಿಯಲ್ಲಿ ಸುಮ್ನೆ ಮಲಗಿ ಕಾಯುವ ಜಾತಿ ಅವು.

ಕಾಯುವ ತಾಳ್ಮೆ ನಮಗಿಲ್ಲ. ಆ ಮರುಭೂಮಿಯಲ್ಲಿ ಕ್ರಿಯೊಸೋಟ್ ಅನ್ನುವ ಪೊದೆ ಎಲ್ಲೆಲ್ಲೂ ಇದೆ. ಎಲೆ ಮೇಲೆ ಅಂಟು. ನೀರು ಬಿದ್ದರೆ ಘಮ್ಮೆನ್ನುತ್ತದೆ. ಅಲ್ಲಿನವರಿಗೆ ಮಳೆಯ ವಾಸನೆ ಅಂದರೆ ಅದೇ. 2023ರ ಸೆಪ್ಟೆಂಬರ್ ಕೊನೆಗೆ ನನ್ನ ಹೆಂಡತಿ ಅದರ ಒಂದು ರೆಂಬೆ ತಂದು ಬಚ್ಚಲಿನ ಶವರಿಗೆ ಕಟ್ಟಿ ಬಿಸಿನೀರು ಬಿಟ್ಟಳು. ಹಬೆ ಎದ್ದಿತು. ಮನೆಯೆಲ್ಲ ಮಳೆ ವಾಸನೆ. ಇಬ್ಬರೂ ಬಾಗಿಲಲ್ಲೇ ನಿಂತೆವು. ಎರಡು ನಿಮಿಷ ಆಯಿತೇನೋ, ನೀರು ಪೋಲಾಗುತ್ತಿದೆ ಅಂತ ಅವಳೇ ನಲ್ಲಿ ನಿಲ್ಲಿಸಿದಳು.