ಹೊಳಿ ದಾಟಿದ್ರ ಡೀಸೆಲ್ ರೇಟೇ ಬ್ಯಾರೆ

ಕೇಳುಗರೆಲ್ಲರಿಗೂ ನಮಸ್ಕಾರ್ರೀ.

ರಾಯಚೂರಿಂದ ಹೈದರಾಬಾದ್ ಕಡಿ ಹೊಂಟ್ರ ಶಕ್ತಿನಗರ ದಾಟಿದ ಕೂಡ್ಲೆ ಕೃಷ್ಣಾ ಹೊಳಿ ಬ್ರಿಡ್ಜ್ ಬರ್ತದ, ಅದರ ಆ ಕಡಿ ತೆಲಂಗಾಣ. ಬ್ರಿಡ್ಜ್ ಹತ್ತೋಕಿಂತ ಮೊದ್ಲು ನಮ್ಮ ಕಡಿ ಬಂಕಿನಾಗ ಲಾರಿಯವ್ರು ನಿಂತಿರ್ತಾರ, ಫುಲ್ ಟ್ಯಾಂಕ್ ಮಾಡಪಾ ಅಂತಾರ, ಗನ್ ತಾನಾಗೇ ಕಟ್ ಆದ ಮ್ಯಾಲೂ ಇನ್ನೊಂದೆರಡು ಸಲ ಒತ್ತಿಸಿ ಕಂಠದ ತನಕ ತುಂಬಿಸ್ಕೊಂಡೇ ಗಾಡಿ ಎತ್ತತಾರ.

ಯಾಕಂದ್ರ ಹೊಳಿ ಆ ಕಡಿ ಡೀಸೆಲ್ ನಮ್ಮಕಿಂತ ತುಟ್ಟಿ. ಪೆಟ್ರೋಲ್ ಡೀಸೆಲ್ ಜಿಎಸ್‌ಟಿ ಒಳಗ ಬರೂದಿಲ್ರೀ. ಕೇಂದ್ರದ ಎಕ್ಸೈಸ್ ತೆರಿಗಿ ದೇಶಕ್ಕೆಲ್ಲ ಒಂದೇ, ಅದರ ಮ್ಯಾಲೆ ಒಂದೊಂದು ರಾಜ್ಯ ತನ್ನ ತೆರಿಗಿ ಹಾಕ್ತದ. ತೆಲಂಗಾಣದಾಗ ಡೀಸೆಲ್‌ಗೆ 27 ಪರ್ಸೆಂಟ್. ಮಂತ್ರಾಲಯ, ಆದೋನಿ ಕಡಿ ಹೋದ್ರ ಅದು ಆಂಧ್ರ, ಅಲ್ಲಿ 22.25 ಪರ್ಸೆಂಟ್ ಹಾಕಿ ಮತ್ತ ಲೀಟರ್‌ಗೆ 4 ರೂಪಾಯಿ, ರಸ್ತೆ ಸೆಸ್ ಅಂತ 1 ರೂಪಾಯಿ ಬ್ಯಾರೆ. ಒಂದೇ ಜಿಲ್ಲಾದಾಗೂ ಊರಿಂದ ಊರಿಗೆ ಪೈಸಾ ಲೆಕ್ಕದಾಗ ಹೆಚ್ಚು ಕಮ್ಮಿ ಇರ್ತದಲ್ಲ, ಅದು ಡಿಪೋದಿಂದ ಟ್ಯಾಂಕರ್ ಬರೋ ಬಾಡಿಗಿ, ಅಷ್ಟ.

ನಮ್ಮಲ್ಲಿ ಡೀಸೆಲ್ ತೆರಿಗಿ 14.34 ಪರ್ಸೆಂಟ್ ಇತ್ತು. 2024ರ ಜೂನ್‌ನಾಗ 18.44 ಮಾಡಿದ್ರು, 2025ರ ಏಪ್ರಿಲ್ 1ಕ್ಕ 21.17 ಆತು. ಬೆಂಗಳೂರು ರೇಟ್ ಹಿಡಿದ್ರ ಲೀಟರ್‌ಗೆ 85.93 ರೂಪಾಯಿ ಇದ್ದದ್ದು 91.02ಕ್ಕ ಬಂತು, ಆಗ ಹೈದರಾಬಾದ್‌ನಾಗ 95.65. ಅಂದ್ರ 300 ಲೀಟರ್ ತುಂಬಿಸೋ ಲಾರಿಯವಂಗ ಮೊದ್ಲು ಹತ್ತತ್ರ 2,900 ರೂಪಾಯಿ ಉಳೀತಿತ್ತು, ಆಮ್ಯಾಲೆ 1,400ಕ್ಕ ಇಳೀತು. ಗಡಿ ಬಂಕ್‌ನವ್ರ ವ್ಯಾಪಾರ ನಿಂತಿರೂದೇ ಈ ಫರಕಿನ ಮ್ಯಾಲ, ಅದಾ ಅರ್ಧ ಕರಗಿದ್ರ ಅವ್ರು ಏನ್ ಮಾಡ್ಬೇಕು ಹೇಳ್ರಿ.

ಬಾಜೂ ರಾಜ್ಯಕ್ಕಿಂತ ನಮ್ದು ಸೋವಿನ ಅದ ಅಲ್ಲ ಅಂತ ಯಾರಾರ ಅಂದ್ರ ನನಗ ಸಿಟ್ಟು ಬರ್ತದ್ರೀ. ಲಾರಿಯವ ಎಲ್ಲಿ ಕಮ್ಮಿ ಅದನೋ ಅಲ್ಲಿ ಹಾಕಿಸ್ಕೊಂತಾನ, ಸಿಂಧನೂರು, ಮಾನ್ವಿ, ಗಂಗಾವತಿ ಕಡಿ ಭತ್ತದ ರೈತ ಟ್ರ್ಯಾಕ್ಟರ್ ತೊಗೊಂಡು ಎಲ್ಲಿಗೆ ಹೋಗ್ಬೇಕು? ನಮ್ಮ ಮಾವ ಮಾನ್ವಿ ಹತ್ರ ಗದ್ದಿ ಮಾಡ್ತಾರ. ಕಾಲುವಿ ನೀರು ಬಿಟ್ಟ ದಿನ ಬೆಳಗ್ಗೆ 5ಕ್ಕ ಎದ್ದು ಬೈಕಿಗೆ ಎರಡು ಕ್ಯಾನ್ ಕಟ್ಕೊಂಡು ಬಂಕಿಗೆ ಹೋಗ್ತಾರ, ಕೆಸರು ಮಾಡಾಕ, ಆಮ್ಯಾಲೆ ಕೊಯ್ಯೋ ಮಷಿನ್ ಬಂದ್ರೂ ಅದರ ತಾಸಿನ ಬಾಡಿಗ್ಯಾಗ ಡೀಸೆಲ್ ರೇಟ್ ಕೂಡೇ ಇರ್ತದ. 2022ರ ಬಜೆಟ್‌ನಾಗ ರೈತ ಶಕ್ತಿ ಅಂತ ಎಕರೆಗೆ 250 ರೂಪಾಯಿ ಡೀಸೆಲ್ ಸಹಾಯ ಹೇಳಿದ್ರು, ಐದು ಎಕರೆ ತನಕ. 91 ರೂಪಾಯಿ ರೇಟಿನಾಗ ಅದಕ್ಕ ಮೂರು ಲೀಟರೂ ಬರೂದಿಲ್ಲ, ರೋಟವೇಟರ್ ಹಾಕಿ ಒಂದು ತಾಸು ಓಡಿಸಿದ್ರ ಮುಗೀತು.

ಹೊಲಕ್ಕ ಹೋಗೋ ಡೀಸೆಲ್‌ಗೂ ಹೈವೇ ಡೀಸೆಲ್‌ಗೂ ಒಂದೇ ತೆರಿಗಿ ಹಾಕೂದು ನ್ಯಾಯ ಅಲ್ರೀ. ಪರ್ಸೆಂಟ್ ಲೆಕ್ಕದ ತೆರಿಗಿ ಆದದ್ದಕ್ಕ ಮೂಲ ರೇಟ್ ಏರಿದಂಗ ಅದೂ ತಾನಾಗೇ ಏರ್ತದ, ರೈತನ ಭತ್ತದ ರೇಟ್ ಹಂಗ ಏರೂದಿಲ್ಲ. ಹೋದ ಸಲ ಮಾವ ಕ್ಯಾನ್ ತುಂಬಿಸ್ಕೊಂಡು ಬಂದವ್ರು ಬಂಕಿನ ಚೀಟಿ ಕ್ಯಾಲೆಂಡರ್ ಹಿಂದಿನ ಮೊಳಿಗೆ ಚುಚ್ಚಿದ್ರು, ಅಲ್ಲಿ ಆಗ್ಲೇ ಹನ್ನೊಂದು ಚೀಟಿ ಇದ್ವು, ನಾಟಿ ಇನ್ನೂ ಅರ್ಧ ಮುಗಿದಿದ್ದಿಲ್ಲ.