ಬಿದ್ದ ಅಡಕೆ ಹೆಕ್ಕದಿದ್ದರೆ

ಕೇಳುಗರಿಗೆ ನಮಸ್ಕಾರ.

ಕಳೆದ ವರ್ಷ ಅಡಕೆ ಸುಲಿಯುವಾಗ ನನ್ನ ಅಮ್ಮ ಹೆಬ್ಬೆರಳು ಕೊಯ್ದುಕೊಂಡರು. ಗಾಯ ಒಣಗಲು ಮೂರು ವಾರ ಹಿಡಿಯಿತು. ಅದೇ ಅಂಗಳದಲ್ಲಿ ಬಿದ್ದು ಮೊಣಕಾಲು ತರಚಿಕೊಂಡ ಮೊಮ್ಮಗಳಿಗೆ ಒಂದೇ ವಾರದಲ್ಲಿ ಹೊಸ ಚರ್ಮ ಬಂತು. ಎಪ್ಪತ್ತೆಂಟರ ಮೈಗೂ ಏಳರ ಮೈಗೂ ಇರುವ ವ್ಯತ್ಯಾಸ ಎಲ್ಲಿದೆ?

ಒಂದು ಉತ್ತರ ಜೀವಕೋಶದೊಳಗಿನ ಮೈಟೊಕಾಂಡ್ರಿಯಾದಲ್ಲಿದೆ. ಉಂಡ ಗಂಜಿಯ ಸತ್ವವನ್ನು ಉಸಿರಾಡಿದ ಆಮ್ಲಜನಕದ ನೆರವಿನಿಂದ ಶಕ್ತಿಯಾಗಿ ಮಾಡಿಕೊಡುವುದು ಅದೇ. ಅದಕ್ಕೆ ತನ್ನದೇ ಪುಟ್ಟ ಡಿಎನ್‌ಎ ಇದೆ, 37 ಜೀನುಗಳದು. ನಮಗದು ಬರುವುದು ಅಮ್ಮನಿಂದ.

ಕೋಶಕ್ಕೂ ಮುಪ್ಪು ಇದೆ. 1961ರಲ್ಲಿ ಹೇಫ್ಲಿಕ್ ಮತ್ತು ಮೂರ್‌ಹೆಡ್ ಎಂಬ ವಿಜ್ಞಾನಿಗಳು, ಮನುಷ್ಯನ ಕೋಶಗಳನ್ನು ಗಾಜಿನ ಪಾತ್ರೆಯಲ್ಲಿ ಬೆಳೆಸಿದರೆ ಅವು ಸುಮಾರು 50 ಸಲ ಒಂದು ಎರಡಾಗಿ ಒಡೆದು, ಆಮೇಲೆ ನಿಂತುಬಿಡುತ್ತವೆ ಎಂದು ತೋರಿಸಿದರು. ನಿಂತ ಕೋಶ ಸಾಯುವುದಿಲ್ಲ. ಮುದಿಯಾಗಿ ಅಲ್ಲೇ ಕೂತು ಉರಿಯೂತದ ಪ್ರೋಟೀನುಗಳನ್ನು ಹೊರಸೂಸುತ್ತದೆ, ನೆರೆಯ ಕೋಶಗಳನ್ನೂ ಮುದಿಯಾಗಿಸುತ್ತದೆ.

ಪೆರ್ಲ, ಬದಿಯಡ್ಕ, ಮುಳ್ಳೇರಿಯದ ಕೃಷಿಕರಿಗೆ ಇದನ್ನು ಬಿಡಿಸಿ ಹೇಳಬೇಕಾಗಿಲ್ಲ. ಆಟಿಯ ಮಳೆಯಲ್ಲಿ ಕೊಳೆರೋಗ ಬಂದರೆ ಬರೇ ಮದ್ದು ಬಿಟ್ಟರೆ ಸಾಲದು. ಉದುರಿದ ಕಾಯಿಗಳನ್ನೂ ಹೆಕ್ಕಿ ತೋಟದಿಂದಾಚೆ ಸಾಗಿಸಬೇಕು. ಬಿಟ್ಟರೆ ರೋಗ ಅಲ್ಲಿಂದಲೇ ಹಬ್ಬುತ್ತದೆ.

ಕೋಶದೊಳಗೂ ಇಂಥ ಹೆಕ್ಕುವ ಕೆಲಸ ನಡೆಯುತ್ತಿರುತ್ತದೆ. ಕೆಟ್ಟ ಮೈಟೊಕಾಂಡ್ರಿಯಾಕ್ಕೆ ಪಿಂಕ್-1 ಮತ್ತು ಪಾರ್ಕಿನ್ ಎಂಬ ಪ್ರೋಟೀನುಗಳು ಗುರುತು ಹಾಕುತ್ತವೆ, ಕೋಶ ಅದನ್ನು ಕರಗಿಸಿಬಿಡುತ್ತದೆ. ವಯಸ್ಸಾದಂತೆ ಈ ಕೆಲಸ ಹಿಂದೆ ಬೀಳುತ್ತದೆ. ಕೆಟ್ಟದ್ದು ಒಳಗೇ ಉಳಿದು ಡಿಎನ್‌ಎಗೆ ಹಾನಿ ಮಾಡುವ ಆಮ್ಲಜನಕದ ಕಣಗಳನ್ನು ಉಗುಳುತ್ತದೆ. ಅದರ ಸ್ವಂತ ಡಿಎನ್‌ಎ ತುಣುಕುಗಳೂ ಸೋರುತ್ತವೆ. ಇಲ್ಲಿರುವ ಸಂಗತಿ ನನ್ನನ್ನು ಇಂದಿಗೂ ಬೆರಗಾಗಿಸುತ್ತದೆ. ನೂರು ಕೋಟಿ ವರ್ಷಗಳಿಗೂ ಹಿಂದೆ ಮೈಟೊಕಾಂಡ್ರಿಯಾದ ಪೂರ್ವಜ ಕೋಶದೊಳಗೆ ಸೇರಿಕೊಂಡ ಒಂದು ಬ್ಯಾಕ್ಟೀರಿಯಾ. ಇಷ್ಟು ಕಾಲ ಒಟ್ಟಿಗೆ ಬಾಳಿದ ಮೇಲೂ, ಸೋರಿದ ಆ ತುಣುಕನ್ನು ಕಂಡ ಕೂಡಲೇ ಕೋಶವು ಹೊರಗಿನ ರೋಗಾಣು ಹೊಕ್ಕಿತೆಂದು ಬಗೆದು ಉರಿಯೂತದ ಕೂಗೆಬ್ಬಿಸುತ್ತದೆ.

2016ರಲ್ಲಿ ಪ್ರಕಟವಾದ ಪ್ರಯೋಗವೊಂದರಲ್ಲಿ ಮುದಿ ಕೋಶಗಳಿಂದ ಮೈಟೊಕಾಂಡ್ರಿಯಾಗಳನ್ನೇ ತೆಗೆದುಹಾಕಿದರು. ಕೋಶಗಳು ಮತ್ತೆ ಒಡೆಯಲಿಲ್ಲ, ಆದರೆ ಆ ಕೂಗು ಬಹಳಷ್ಟು ತಗ್ಗಿತು. ಮುದಿ ಕೋಶವನ್ನು ಶತ್ರುವೆಂದೇ ತಿಳಿಯಬೇಡಿ. ಗಾಯವಾದಲ್ಲಿ ಅದು ಸ್ವಲ್ಪ ಕಾಲ ಹುಟ್ಟಿಕೊಂಡು ಮಾಯಲು ನೆರವಾಗುತ್ತದೆ. ಕೆಟ್ಟ ಕೋಶ ಮುದಿಯಾಗಿ ಒಡೆಯುವುದನ್ನು ನಿಲ್ಲಿಸಿದರೆ ಅದು ಕ್ಯಾನ್ಸರಿಗೂ ಅಡ್ಡ. ಹೋಗಬೇಕಾದಾಗ ಹೋಗದಿದ್ದರೆ ತೊಂದರೆ.

ಆ ಆಮ್ಲಜನಕದ ಕಣಗಳನ್ನು ತಣಿಸುತ್ತವೆನ್ನುವ ಆಂಟಿ ಆಕ್ಸಿಡೆಂಟ್ ಗುಳಿಗೆಗಳ ಬಾಟಲಿಗೆ ಪಿಂಚಣಿ ಹಣ ಸುರಿಯುವ ಹಿರಿಯರನ್ನು ಕಂಡಿದ್ದೇನೆ. ದಯವಿಟ್ಟು ಬೇಡ. ಅವು ಆಯುಷ್ಯ ಹೆಚ್ಚಿಸುತ್ತವೆಂದು ದೊಡ್ಡ ಪರೀಕ್ಷೆಗಳಲ್ಲಿ ಕಂಡುಬಂದಿಲ್ಲ. ನಡೆಯಿರಿ. ದುಡಿಯುವ ಸ್ನಾಯುವಿನಲ್ಲಿ ಇಳಿವಯಸ್ಸಿನಲ್ಲೂ ಹೊಸ ಮೈಟೊಕಾಂಡ್ರಿಯಾ ಹುಟ್ಟುತ್ತದೆ.

ಅಮ್ಮನ ಬೆರಳಲ್ಲಿ ಆ ಗಾಯದ ಬಿಳಿ ಗೆರೆ ಈಗಲೂ ಇದೆ. ಮಂಡಿನೋವಿದ್ದರೂ ಬೆಳಗ್ಗೆ ಬುಟ್ಟಿ ಹಿಡಿದು ತೋಟಕ್ಕಿಳಿಯುತ್ತಾರೆ. ಬಿದ್ದ ಅಡಕೆ ಹೆಕ್ಕಿ ಬಂದ ಮೇಲೆಯೇ ಅವರಿಗೆ ಚಾ.

ನಮಸ್ಕಾರ.