ಸಿಂಗ್ ಸಿಂಗ್ ಜೈಲನ್ನು ಆಳಿದವರು

ಎಲ್ಲರಿಗೂ ನಮಸ್ಕಾರ.

ಜೈಲುಗಳ ಇತಿಹಾಸ ಬರೆಯುವವರು ಸಾಮಾನ್ಯವಾಗಿ ಕೈದಿಗಳ ಬಗ್ಗೆ ಬರೆಯುತ್ತಾರೆ, ಇಲ್ಲವೇ ಕಾನೂನುಗಳ ಬಗ್ಗೆ ಬರೆಯುತ್ತಾರೆ. ಇವೆರಡರ ನಡುವೆ ಕುರ್ಚಿ ಹಾಕಿಕೊಂಡು ಕೂತವನೊಬ್ಬ ಇರುತ್ತಾನೆ. ಕಾನೂನಿನ ಪುಸ್ತಕದಲ್ಲಿ ಏನೇ ಬರೆದಿರಲಿ, ಕೈದಿ ಬೆಳಿಗ್ಗೆ ಎದ್ದಾಗ ಅವನ ದಿನ ಹೇಗಿರಬೇಕು ಎಂದು ತೀರ್ಮಾನಿಸುವವನು ಅವನೇ. ಅಮೆರಿಕದಲ್ಲಿ ಅವನನ್ನು ವಾರ್ಡನ್ ಎನ್ನುತ್ತಾರೆ. ನಮ್ಮ ಜೈಲುಗಳಲ್ಲಿ ಸೂಪರಿಂಟೆಂಡೆಂಟ್ ಮಾಡುವ ಕೆಲಸ ಅದು. ಇಂದು ನಾನು ನ್ಯೂಯಾರ್ಕ್ ರಾಜ್ಯದ ಸಿಂಗ್ ಸಿಂಗ್ ಜೈಲಿನ ವಾರ್ಡನ್‌ಗಳ ಬಗ್ಗೆ, ಅವರಲ್ಲೂ ಮುಖ್ಯವಾಗಿ ಮೂವರ ಬಗ್ಗೆ ಮಾತಾಡುತ್ತೇನೆ. ಒಂದೇ ಪ್ರಶ್ನೆಗೆ ಈ ಮೂವರೂ ಮೂರು ಉತ್ತರ ಕೊಟ್ಟರು. ಕೈದಿಯನ್ನು ನಂಬಬಹುದೇ ಎಂಬುದು ಆ ಪ್ರಶ್ನೆ.

ನ್ಯೂಯಾರ್ಕ್ ನಗರದಿಂದ ಹಡ್ಸನ್ ನದಿಯ ಗುಂಟ ಉತ್ತರಕ್ಕೆ ಸುಮಾರು 30 ಮೈಲಿ ಹೋದರೆ ಆಸಿನಿಂಗ್ ಎಂಬ ಊರು ಸಿಗುತ್ತದೆ. ಹಿಂದೆ ಊರಿನ ಹೆಸರೂ ಸಿಂಗ್ ಸಿಂಗ್ ಎಂದೇ ಇತ್ತು. ಜೈಲಿನ ಕೆಟ್ಟ ಹೆಸರು ತಮಗೆ ಅಂಟಿಕೊಳ್ಳುವುದು ಬೇಡವೆಂದು ಊರವರು 1901ರಲ್ಲಿ ಹೆಸರು ಬದಲಿಸಿಕೊಂಡರು.

1825ರಲ್ಲಿ ಆ ನದಿದಂಡೆಗೆ 100 ಕೈದಿಗಳನ್ನು ದೋಣಿಗಳಲ್ಲಿ ಕರೆತಂದವನು ಎಲಾಮ್ ಲಿಂಡ್ಸ್. ಮೊದಲು ಟೋಪಿ ಮಾಡುವ ಕಸುಬಿನವನು, ಆಮೇಲೆ 1812ರ ಯುದ್ಧದಲ್ಲಿ ಕ್ಯಾಪ್ಟನ್. ಅದಾದ ಮೇಲೆ ಆಬರ್ನ್ ಎಂಬಲ್ಲಿಯ ಜೈಲನ್ನು ನಡೆಸಿದ್ದ. ದಂಡೆಗೆ ಬಂದಿಳಿದಾಗ ಅಲ್ಲಿ ಗೋಡೆಯಿಲ್ಲ, ಕೊಠಡಿಯಿಲ್ಲ, ಬೀಗ ಹಾಕುವುದಕ್ಕೆ ಬಾಗಿಲೂ ಇಲ್ಲ. ಪಕ್ಕದಲ್ಲೇ ಕಲ್ಲುಗಣಿ. ಆ ಕಲ್ಲನ್ನು ಒಡೆದು, ಹೊತ್ತು, ಕೈದಿಗಳೇ ತಮ್ಮ ಸೆರೆಯನ್ನು ಕಟ್ಟಿಕೊಳ್ಳಬೇಕಾಗಿತ್ತು. ಹಾಗೆ ಕಟ್ಟಿದ ಒಂದೊಂದು ಕೋಣೆ 7 ಅಡಿ ಉದ್ದ, 3 ಅಡಿ 3 ಅಂಗುಲ ಅಗಲ. ಇಬ್ಬರು ಒಬ್ಬರ ಪಕ್ಕದಲ್ಲಿ ಒಬ್ಬರು ನಿಲ್ಲುವುದೂ ಕಷ್ಟ. ಈ ಅಳತೆಯನ್ನು ನೆನಪಿಡಿ, ಮುಂದೆ ಬೇಕಾಗುತ್ತದೆ.

ಲಿಂಡ್ಸ್‌ನ ಆಡಳಿತಕ್ಕೆ ಎರಡೇ ಆಧಾರ, ಮೌನ ಮತ್ತು ಚಾಟಿ. ಹಗಲೆಲ್ಲ ಒಟ್ಟಿಗೆ ದುಡಿಮೆ, ಆದರೆ ಒಂದು ಮಾತೂ ಆಡುವಂತಿಲ್ಲ, ಕಣ್ಸನ್ನೆಯೂ ಕೂಡದು. ಪಟ್ಟೆ ಬಟ್ಟೆ ತೊಟ್ಟು, ಮುಂದಿನವನ ಬೆನ್ನಿಗೆ ಹತ್ತಿ, ಹೆಜ್ಜೆಗೆ ಹೆಜ್ಜೆ ಕೂಡಿಸಿ ಸಾಲಾಗಿ ನಡೆಯಬೇಕು. ತಪ್ಪಿದರೆ ಆ ಕ್ಷಣವೇ ಏಟು. 1831ರಲ್ಲಿ ಫ್ರಾನ್ಸಿನಿಂದ ಅಮೆರಿಕದ ಜೈಲುಗಳನ್ನು ನೋಡಲು ಬಂದ ತೊಕ್‌ವಿಲ್ ಮತ್ತು ಬೋಮಾಂಟ್ ಎಂಬ ಇಬ್ಬರು ತರುಣರು ಇಲ್ಲಿಗೂ ಬಂದರು. ಸುಮಾರು 900 ಕೈದಿಗಳನ್ನು 30 ಜನ ಕಾವಲುಗಾರರು ಬಯಲಿನಲ್ಲೇ ದುಡಿಸುತ್ತಿದ್ದುದನ್ನು ಕಂಡು ಬೆರಗಾದರು. ಬೆರಗಿನ ಜೊತೆಗೆ ಅವರಿಗೆ ಭಯವೂ ಆಯಿತು. ಅಷ್ಟು ಜನ ಒಮ್ಮೆ ಕೂಡಿ ಎದ್ದರೆ ತಡೆಯುವವರಾರು? ಆದರೆ ಕೂಡುವುದಕ್ಕೆ ಮಾತು ಬೇಕು. ಅದನ್ನೇ ಲಿಂಡ್ಸ್ ಕಿತ್ತುಕೊಂಡಿದ್ದ.

ಅಷ್ಟುಹೊತ್ತಿಗೆ ಲಿಂಡ್ಸ್ ಕೆಲಸ ಬಿಟ್ಟು ಸಿರಾಕ್ಯೂಸ್‌ನಲ್ಲಿ ಅಂಗಡಿ ಇಟ್ಟಿದ್ದ. ಫ್ರೆಂಚರಿಬ್ಬರೂ ಅಲ್ಲಿಗೇ ಹೋಗಿ ಅವನನ್ನು ಮಾತಾಡಿಸಿದರು. ಅವರು ದಾಖಲಿಸಿದ ಒಂದು ಪ್ರಸಂಗವಿದೆ. ಲಿಂಡ್ಸ್‌ನನ್ನು ಕೊಲ್ಲುತ್ತೇನೆಂದು ಒಬ್ಬ ಕೈದಿ ಹೇಳಿಕೊಂಡು ತಿರುಗುತ್ತಿದ್ದನಂತೆ. ಸುದ್ದಿ ತಿಳಿದ ಲಿಂಡ್ಸ್ ಅವನನ್ನೇ ತನ್ನ ಕೋಣೆಗೆ ಕರೆಸಿ, ಕೈಗೆ ಕ್ಷೌರದ ಕತ್ತಿ ಕೊಟ್ಟು, ಗಡ್ಡ ಬೋಳಿಸು ಎಂದು ಕತ್ತು ಒಡ್ಡಿ ಕೂತ. ಕ್ಷೌರ ಮುಗಿದ ಮೇಲೆ, ನನ್ನನ್ನು ಕೊಲ್ಲಬೇಕೆಂದಿದ್ದೆ ಎಂಬುದು ನನಗೆ ಗೊತ್ತು, ಆದರೆ ಅಷ್ಟು ಧೈರ್ಯ ನಿನಗಿದೆ ಎಂದು ನಂಬುವಷ್ಟು ಬೆಲೆಯನ್ನೂ ನಾನು ನಿನಗೆ ಕೊಟ್ಟಿಲ್ಲ ಎಂಬರ್ಥದ ಮಾತು ಹೇಳಿ ಕಳಿಸಿದ.

ಈ ಪ್ರಸಂಗವನ್ನು ಲಿಂಡ್ಸ್‌ನ ಎದೆಗಾರಿಕೆಗೆ ಸಾಕ್ಷಿಯೆಂದು ಹೇಳುವವರಿದ್ದಾರೆ. ಎದೆಗಾರಿಕೆ ಇತ್ತು, ನಿಜ. ನನಗೆ ಮಾತ್ರ ಅದರಲ್ಲಿ ಕಾಣುವುದು ತಿರಸ್ಕಾರ. ಎದುರಿಗಿರುವವನು ಮನುಷ್ಯನೆಂದು ಒಪ್ಪಿದವನು ಹಾಗೆ ಮಾತಾಡಲಾರ. ಲಿಂಡ್ಸ್‌ನನ್ನು ಆಡಳಿತಕ್ಕೆ ಮತ್ತೆ ಮತ್ತೆ ಕರೆದರು, ಮತ್ತೆ ಮತ್ತೆ ದೂರುಗಳು ಬಂದವು. 1843ರಲ್ಲಿ ಸಿಂಗ್ ಸಿಂಗ್‌ಗೆ ಮರಳಿದವನು ಮರುವರ್ಷವೇ ಹೊರಬಿದ್ದ.

ಅದೇ 1844ರಲ್ಲಿ ಜೈಲಿನ ಹೆಂಗಸರ ವಿಭಾಗಕ್ಕೆ ಮೇಟ್ರನ್ ಆಗಿ ಎಲೈಜಾ ಫಾರ್ನಮ್ ಬಂದಳು. ವಾರ್ಡನ್‌ಗಳ ಪಟ್ಟಿಯಲ್ಲಿ ಇವಳ ಹೆಸರಿಲ್ಲ. ಆದರೂ ಇವಳನ್ನು ಬಿಟ್ಟು ಮುಂದೆ ಹೋಗಲು ನನಗೆ ಮನಸ್ಸಿಲ್ಲ. ಮೌನದ ನಿಯಮವನ್ನು ಸಡಿಲಿಸಿದಳು, ಹೆಂಗಸರಿಗೆ ಓದು ಕಲಿಸಿದಳು, ಕೋಣೆಗಳಿಗೆ ಪುಸ್ತಕ ಕೊಟ್ಟಳು, ಕಾದಂಬರಿಗಳನ್ನೂ ಕೊಟ್ಟಳು. ಜೈಲಿನ ಪಾದ್ರಿಗೆ ಅದು ಸಹಿಸಲಿಲ್ಲ. ತಲೆಬುರುಡೆಯ ಆಕಾರದಿಂದ ಗುಣ ತಿಳಿಯುತ್ತದೆಂಬ ಆ ಕಾಲದ ಹುಸಿಶಾಸ್ತ್ರವನ್ನು ಅವಳೂ ನಂಬಿದ್ದಳು, ಅದೇನೂ ಹೆಚ್ಚುಗಾರಿಕೆಯಲ್ಲ. ಆದರೆ ಆ ನಂಬಿಕೆಯಿಂದ ಅವಳು ತಲುಪಿದ ತೀರ್ಮಾನ ಮನುಷ್ಯ ಬದಲಾಗಬಲ್ಲ ಎಂಬುದು. ನಾಲ್ಕೇ ವರ್ಷ, 1848ರಲ್ಲಿ ರಾಜೀನಾಮೆ ಕೊಟ್ಟು ಹೋದಳು.

ಮುಂದಿನ ಆರೇಳು ದಶಕಗಳನ್ನು ಬೇಗ ದಾಟೋಣ. ವಾರ್ಡನ್ ಹುದ್ದೆ ರಾಜಕೀಯ ಪಕ್ಷಗಳ ಕೊಡುಗೆಯಾಯಿತು. ರಾಜ್ಯದಲ್ಲಿ ಗವರ್ನರ್ ಬದಲಾದರೆ ಇಲ್ಲಿ ವಾರ್ಡನ್ ಬದಲು. ಬೇರೆ ಬೇರೆ ವ್ಯಾಪಾರ, ವೃತ್ತಿಗಳಲ್ಲಿದ್ದವರು ಬಂದು ಕೂತರು, ಎದ್ದು ಹೋದರು. ಸಿಂಗ್ ಸಿಂಗ್‌ನಿಂದ ಬೇಗ ಹೊರಬರಬೇಕೆಂದರೆ ವಾರ್ಡನ್ ಆಗಿ ಒಳಹೋಗಬೇಕು ಎಂಬ ಮಾತು ಆಗ ಅಲ್ಲಿ ಚಾಲ್ತಿಯಲ್ಲಿತ್ತು. 1891ರಲ್ಲಿ ಜೈಲಿಗೆ ಮರಣದಂಡನೆ ಜಾರಿ ಮಾಡುವ ವಿದ್ಯುತ್ ಕುರ್ಚಿ ಬಂತು.

ಈಗ ನಾನು ಅತಿಯಾಗಿ ಗೌರವಿಸುವ ವಾರ್ಡನ್‌ಗೆ ಬರುತ್ತೇನೆ. ಥಾಮಸ್ ಮಾಟ್ ಆಸ್‌ಬರ್ನ್. ಹುಟ್ಟಿದ್ದು 1859ರಲ್ಲಿ, ಅದೇ ಆಬರ್ನ್ ಊರಿನಲ್ಲಿ. ಕೊಯ್ಲಿನ ಯಂತ್ರಗಳನ್ನು ತಯಾರಿಸುತ್ತಿದ್ದ ಶ್ರೀಮಂತ ಮನೆತನ. ಗುಲಾಮಗಿರಿಯ ವಿರುದ್ಧವೂ ಹೆಂಗಸರ ಹಕ್ಕುಗಳಿಗಾಗಿಯೂ ಹೋರಾಡಿದ ಲುಕ್ರೀಷಿಯಾ ಮಾಟ್ ಇವರ ಅಜ್ಜಿಯ ಅಕ್ಕ. ಹಾರ್ವರ್ಡ್‌ನಲ್ಲಿ ಓದಿ, ಊರಿನ ಮೇಯರ್ ಆಗಿದ್ದವರು. 1913ರಲ್ಲಿ ರಾಜ್ಯದ ಜೈಲು ಸುಧಾರಣಾ ಆಯೋಗಕ್ಕೆ ಅಧ್ಯಕ್ಷರಾದರು. ಅಧ್ಯಕ್ಷರಾದವರು ಸಾಮಾನ್ಯವಾಗಿ ಜೈಲಿಗೆ ಭೇಟಿ ಕೊಟ್ಟು ವರದಿ ಬರೆಯುತ್ತಾರೆ. ಆಸ್‌ಬರ್ನ್ ಕೈದಿಯಾಗಿ ಒಳಗೆ ಹೋದರು. ಟಾಮ್ ಬ್ರೌನ್ ಎಂಬ ಹೆಸರು, 33,333ಎಕ್ಸ್ ಎಂಬ ನಂಬರು, ಬೂದು ಬಟ್ಟೆ. ಒಂದು ವಾರ ಆಬರ್ನ್ ಜೈಲಿನಲ್ಲಿ ಬುಟ್ಟಿ ಹೆಣೆದರು, ಕೈದಿಯ ಊಟ ಉಂಡರು. ಬೇಕೆಂದೇ ನಿಯಮ ಮೀರಿ ಶಿಕ್ಷೆಯ ಕತ್ತಲೆಕೋಣೆಯಲ್ಲಿ ಒಂದು ರಾತ್ರಿ ಕಳೆದರು. ಪತ್ರಿಕೆಗಳು ನಕ್ಕವು. ಆದರೆ ಬುಟ್ಟಿ ಹೆಣೆಯುವಲ್ಲಿ ಅವರ ಜೊತೆಗಾರನಾಗಿದ್ದ ಜಾಕ್ ಮರ್ಫಿ ಎಂಬ ಕೈದಿಯೊಡನೆ ಆಡಿದ ಮಾತುಗಳಿಂದ ಹೊಸ ಯೋಚನೆಯೊಂದು ಹುಟ್ಟಿತು. ಕೈದಿಗಳೇ ತಮ್ಮ ಪ್ರತಿನಿಧಿಗಳನ್ನು ಆರಿಸಿಕೊಂಡು, ತಮ್ಮ ಶಿಸ್ತನ್ನು ತಾವೇ ಕಾಯ್ದುಕೊಂಡರೆ ಹೇಗೆ? ಹಾಗೆ ಹುಟ್ಟಿದ್ದು ಮ್ಯೂಚುಯಲ್ ವೆಲ್ಫೇರ್ ಲೀಗ್, ಅಂದರೆ ಕೈದಿಗಳ ಪರಸ್ಪರ ಹಿತದ ಸಂಘ.

1914ರ ಡಿಸೆಂಬರ್ 1ರಂದು ಆಸ್‌ಬರ್ನ್ ಸಿಂಗ್ ಸಿಂಗ್‌ನ ವಾರ್ಡನ್ ಆದರು. ಲೀಗ್ ಇಲ್ಲಿಯೂ ಬೆಳೆಯಿತು. ಜಗಳವಾದರೆ ವಿಚಾರಣೆ ನಡೆಸಲು ಕೈದಿಗಳದೇ ನ್ಯಾಯಮಂಡಳಿ, ಅದರ ಮೇಲೆ ವಾರ್ಡನ್‌ಗೆ ಮೇಲ್ಮನವಿ. ಕಾರ್ಖಾನೆಯಲ್ಲೂ ಊಟದ ಮನೆಯಲ್ಲೂ ಕಾವಲುಗಾರರನ್ನು ಹಿಂದಕ್ಕೆ ಸರಿಸಿದರು. ಸಾಯುವ ಸ್ಥಿತಿಯಲ್ಲಿದ್ದ ಕೆನಡಾ ಬ್ಲ್ಯಾಕಿ ಎಂಬ ಕುಖ್ಯಾತ ಕೈದಿಯನ್ನು ಆಬರ್ನ್‌ನಿಂದ ಕರೆತಂದು ತಮ್ಮ ವಾರ್ಡನ್ ಬಂಗಲೆಯಲ್ಲೇ ಇರಿಸಿಕೊಂಡರು. ಅವನು ತೀರಿಕೊಂಡದ್ದೂ ಅಲ್ಲೇ. ವಿದ್ಯುತ್ ಕುರ್ಚಿಯ ಶಿಕ್ಷೆ ಜಾರಿಯಾಗುವ ರಾತ್ರಿ ಆಸ್‌ಬರ್ನ್ ಜೈಲಿನಲ್ಲಿ ಇರುತ್ತಿರಲಿಲ್ಲ, ಆ ಕೆಲಸಕ್ಕೆ ನಾನು ಸಾಕ್ಷಿಯಾಗಲಾರೆ ಎಂಬುದು ಅವರ ನಿಲುವು.

ಇಂಥವರನ್ನು ಬಿಡುತ್ತಾರೆಯೇ? ಹಳೆಯ ವ್ಯವಸ್ಥೆಯಲ್ಲಿ ಗುತ್ತಿಗೆ, ಲಂಚ, ಪಕ್ಷದ ಕೆಲಸಗಳಿಂದ ಬದುಕುತ್ತಿದ್ದವರು ಬಹಳ ಜನ. 1915ರ ಡಿಸೆಂಬರ್‌ನಲ್ಲಿ ಜಿಲ್ಲೆಯ ಗ್ರ್ಯಾಂಡ್ ಜ್ಯೂರಿ, ಅಂದರೆ ಮೊಕದ್ದಮೆ ಹೂಡಬೇಕೇ ಎಂದು ತೀರ್ಮಾನಿಸುವ ನಾಗರಿಕರ ಮಂಡಳಿ, ಅವರ ಮೇಲೆ ಸುಳ್ಳು ಸಾಕ್ಷ್ಯ, ಕರ್ತವ್ಯಲೋಪ, ಕೈದಿಗಳೊಂದಿಗೆ ಅನೈತಿಕ ನಡವಳಿಕೆ ಎಂಬ ಆರೋಪಗಳನ್ನು ಹೊರಿಸಿತು. ಆರೋಪಗಳು ನ್ಯಾಯಾಲಯದಲ್ಲಿ ನಿಲ್ಲಲಿಲ್ಲ. ಅವರ ಗೈರಿನಲ್ಲಿ ಕೊಲಂಬಿಯಾ ಕಾನೂನು ಕಾಲೇಜಿನ ಡೀನ್ ಆಗಿದ್ದ ಜಾರ್ಜ್ ಕರ್ಚ್‌ವೇ ಅದೇ ದಾರಿಯಲ್ಲಿ ಜೈಲು ನಡೆಸಿದರು. 1916ರ ಜುಲೈನಲ್ಲಿ ಆಸ್‌ಬರ್ನ್ ಮರಳಿದಾಗ ಕೈದಿಗಳು ಹಬ್ಬ ಮಾಡಿದರು. ಆದರೆ ಮೇಲಿನಿಂದ ಬಂದ ನಿರ್ಬಂಧಗಳನ್ನು ಸಹಿಸಲಾಗದೆ ಅಕ್ಟೋಬರಿನಲ್ಲಿ ಅವರು ರಾಜೀನಾಮೆ ಕೊಟ್ಟರು. ಎರಡು ವರ್ಷವೂ ತುಂಬಿರಲಿಲ್ಲ.

ಮೂರನೆಯವರು ಲೂಯಿಸ್ ಲಾಸ್. ಇವರ ಹಿನ್ನೆಲೆ ಆಸ್‌ಬರ್ನ್‌ರದಕ್ಕೆ ತದ್ವಿರುದ್ಧ. 1883ರಲ್ಲಿ ಎಲ್ಮೈರಾದಲ್ಲಿ ಹುಟ್ಟಿದರು, ತಂದೆ ಅಲ್ಲಿಯ ಸುಧಾರಣಾಲಯದ ಕಾವಲುಗಾರ. ಮಗನೂ 1905ರಲ್ಲಿ ಕಾವಲುಗಾರನಾಗಿಯೇ ಸೇರಿ, ಒಂದೊಂದೇ ಮೆಟ್ಟಿಲು ಹತ್ತಿ, 1920ರ ಜನವರಿ 1ರಂದು ಸಿಂಗ್ ಸಿಂಗ್‌ನ ವಾರ್ಡನ್ ಆದರು. 1941ರವರೆಗೆ, ಇಪ್ಪತ್ತೊಂದು ವರ್ಷ, ಆ ಕುರ್ಚಿಯಲ್ಲಿ ಕೂತರು. ಅವರಿಗಿಂತ ಹಿಂದೆ ಬಂದವರ ಗತಿ ಕಂಡವರಿಗೆ ಇದು ನಂಬಲಾಗದ ಅವಧಿ.

ಲಾಸ್‌ಗೆ ದಿನವೂ ಕ್ಷೌರ ಮಾಡುತ್ತಿದ್ದವನೂ ಕೊಲೆ ಅಪರಾಧಿ. ಲಿಂಡ್ಸ್‌ನ ಕತ್ತಿನ ಮೇಲೆ ಆಡಿದ ಕತ್ತಿಯನ್ನು ನೆನೆಯಿರಿ. ಕೆಲಸ ಅದೇ. ಲಿಂಡ್ಸ್ ಒಮ್ಮೆ ಮಾಡಿಸಿಕೊಂಡದ್ದು ಕೈದಿಯನ್ನು ಕುಗ್ಗಿಸಲು. ಲಾಸ್ ದಿನನಿತ್ಯ ಮಾಡಿಸಿಕೊಂಡದ್ದು ಅವನಿಗೊಂದು ಕೆಲಸವಿದೆ, ಅದನ್ನವನು ಚೆನ್ನಾಗಿ ಮಾಡುತ್ತಾನೆ ಎಂಬ ಸಾದಾ ಕಾರಣಕ್ಕೆ. ಲಾಸ್ ದಂಪತಿಯ ಕಿರಿಯ ಮಗಳು ಹುಟ್ಟಿ ಬೆಳೆದದ್ದು ಜೈಲಿನ ಆವರಣದಲ್ಲೇ, ಕೈದಿಗಳ ಕಣ್ಣೆದುರಿಗೇ.

1929ರಲ್ಲಿ ನ್ಯೂಯಾರ್ಕ್ ನಗರದ ಯಾಂಕೀಸ್ ತಂಡ ಬಂದು ಕೈದಿಗಳೊಂದಿಗೆ ಬೇಸ್‌ಬಾಲ್ ಆಡಿತು, ಆ ತಂಡದ ಹೆಸರಾಂತ ಆಟಗಾರ ಬೇಬ್ ರೂತ್ ಸ್ವತಃ ಬ್ಯಾಟ್ ಹಿಡಿದು ನಿಂತರು. 1931ರಲ್ಲಿ ಕೈದಿಗಳ ಫುಟ್‌ಬಾಲ್ ತಂಡ ಹುಟ್ಟಿತು, ನೋಡಲು ಹೊರಗಿನ ಜನ ಟಿಕೆಟ್ ಕೊಂಡು ಬರುತ್ತಿದ್ದರು. ಹೆಂಡತಿಯನ್ನು ಕೊಂದು ಬಂದಿದ್ದ ಚಾರ್ಲ್ಸ್ ಚೇಪಿನ್ ಎಂಬ ಹೆಸರಾಂತ ಪತ್ರಿಕಾ ಸಂಪಾದಕನಿಗೆ ಲಾಸ್ ಜೈಲಿನ ಬರಡು ಅಂಗಳವನ್ನೇ ಬಿಟ್ಟುಕೊಟ್ಟರು. ಅವನು ಅಲ್ಲಿ ಗುಲಾಬಿ ತೋಟ ಮಾಡಿದ. 1930ರಲ್ಲಿ ಜೈಲಿನಲ್ಲೇ ತೀರಿಕೊಂಡ.

ವಾರ್ಡನ್‌ರ ಹೆಂಡತಿ ಕ್ಯಾಥರಿನ್ ಲಾಸ್ 1937ರ ಅಕ್ಟೋಬರಿನಲ್ಲಿ ಬೇರ್ ಮೌಂಟನ್ ಸೇತುವೆಯ ಬಳಿ ಬಿದ್ದು ತೀರಿಕೊಂಡರು. ಕೈದಿಗಳ ಕಷ್ಟಸುಖ ವಿಚಾರಿಸುತ್ತಿದ್ದ ಹೆಣ್ಣುಮಗಳು. ಕೊನೆಯ ದರ್ಶನಕ್ಕೆ ಬಿಡಿ ಎಂದು ಕೈದಿಗಳು ಕೇಳಿದರು. ಲಾಸ್ ಗೇಟು ತೆಗೆಸಿದರು. ಕೈದಿಗಳು ಸಾಲಾಗಿ ಹೊರಬಂದು, ವಾರ್ಡನ್ ಮನೆಗೆ ನಡೆದು, ದೇಹಕ್ಕೆ ನಮಸ್ಕರಿಸಿ, ಮತ್ತೆ ಒಳಗೆ ಹೋದರು.

ಆದರೆ ಲಾಸ್‌ರ ಇನ್ನೊಂದು ಲೆಕ್ಕವನ್ನು ಬಿಡುವಂತಿಲ್ಲ. ಅವರ ಅವಧಿಯಲ್ಲಿ 303 ಜನರನ್ನು ವಿದ್ಯುತ್ ಕುರ್ಚಿಯಲ್ಲಿ ಕೂರಿಸಲಾಯಿತು. 1891ರಿಂದ 1963ರವರೆಗೆ ಅಲ್ಲಿ ಸತ್ತವರು ಒಟ್ಟು 614. ಅಂದರೆ ಹತ್ತಿರಹತ್ತಿರ ಅರ್ಧದಷ್ಟು ಇವರೊಬ್ಬರ ಕಾಲದಲ್ಲೇ. ಮರಣದಂಡನೆ ಕೂಡದು ಎಂದು ಅಮೆರಿಕದ ಉದ್ದಗಲಕ್ಕೂ ಮಾತಾಡಿದ, ಬರೆದ ಮನುಷ್ಯ ಇವರೇ. ಹಗಲು ಅದರ ವಿರುದ್ಧ ಭಾಷಣ, ರಾತ್ರಿ ಅದೇ ಕೋಣೆಯಲ್ಲಿ ಹಾಜರಿ. ಆಸ್‌ಬರ್ನ್ ಬೆನ್ನು ತಿರುಗಿಸಿದರು, ಹೆಚ್ಚು ದಿನ ಉಳಿಯಲಿಲ್ಲ. ಲಾಸ್ ಒಳಗೆ ನಿಂತರು, ಎರಡು ದಶಕ ಉಳಿದರು. ಆ ಉಳಿವಿನಿಂದ ಸಾವಿರಾರು ಕೈದಿಗಳಿಗೆ ಒಳಿತಾಯಿತು ಎಂಬುದನ್ನು ಒಪ್ಪುತ್ತೇನೆ. ಅದಕ್ಕೆ ತೆತ್ತ ಬೆಲೆಯನ್ನು ಅವರು ಒಬ್ಬರೇ ತೆರಲಿಲ್ಲ ಎಂಬುದನ್ನೂ ಹೇಳಬೇಕು.

ಕಾನೂನು ಓದುತ್ತಿರುವ ಮಕ್ಕಳು ಇಲ್ಲಿ ಬಹಳ ಜನ ಕೂತಿದ್ದೀರಿ, ನಿಮಗೆ ಮುಖ್ಯವಾಗಿ ಇದನ್ನು ಹೇಳಬೇಕು. ಲಾಸ್ ಬಂದ ಮೇಲೆ ಲೀಗ್ ಹೆಸರಿಗೆ ಉಳಿಯಿತು, ಆಟ ಮನರಂಜನೆಗಳನ್ನು ನೋಡಿಕೊಂಡಿತು. ಶಿಸ್ತಿನ ಅಧಿಕಾರವನ್ನು ಮಾತ್ರ ಲಾಸ್ ಹಿಂದಕ್ಕೆ ಪಡೆದರು. ತೋಟವಿತ್ತು, ಫುಟ್‌ಬಾಲ್ ಇತ್ತು, ತೆರೆದ ಗೇಟೂ ಇತ್ತು. ಎಲ್ಲವೂ ವಾರ್ಡನ್ ದಯೆಯಿಂದ ಬಂದವು. ಟಿಕೆಟ್ ಮಾರಬಾರದೆಂದು ಮೇಲಿನಿಂದ ಒಂದು ಆದೇಶ ಬಂದದ್ದೇ ತಡ, 1936ರಲ್ಲಿ ಫುಟ್‌ಬಾಲ್ ತಂಡ ಮುಗಿದುಹೋಯಿತು. ತಂಡ ನಮ್ಮದು, ಉಳಿಸಿಕೊಡಿ ಎಂದು ಕೇಳುವ ಹಕ್ಕು ಕೈದಿಗಳ ಕೈಯಲ್ಲಿರಲಿಲ್ಲ. ಒಳ್ಳೆಯ ಯಜಮಾನ ಸಿಕ್ಕಿದ್ದ, ಅಷ್ಟೇ. ಆಸ್‌ಬರ್ನ್ ಕೊಡಲು ಹೊರಟದ್ದು ಯಜಮಾನನ ಒಳ್ಳೆಯತನಕ್ಕಿಂತ ದೊಡ್ಡದು. ತಪ್ಪು ಮಾಡುವ, ವಿಚಾರಿಸುವ, ತೀರ್ಪು ಕೊಡುವ ಜವಾಬ್ದಾರಿಯನ್ನೇ ಅವರು ಕೈದಿಗಳಿಗೆ ಒಪ್ಪಿಸಿದರು. ಲಾಸ್ ಹೆಚ್ಚು ಯಶಸ್ವಿ. ಆದರೂ ಹೆಚ್ಚು ಆಳಕ್ಕೆ ಇಳಿದವರು ಆಸ್‌ಬರ್ನ್ ಎಂಬುದು ನನ್ನ ದೃಢವಾದ ಅಭಿಪ್ರಾಯ.

ಲಿಂಡ್ಸ್ ಕಟ್ಟಿಸಿದ ಕೋಣೆಗಳ ಅಳತೆ ನೆನಪಿಡಿ ಎಂದಿದ್ದೆ. 1920ರ ದಶಕದಲ್ಲಿ ಗುಡ್ಡದ ಮೇಲೆ ಹೊಸ ಕಟ್ಟಡಗಳು ಎದ್ದವು, ನಿಜ. ಆದರೆ ಆಸ್‌ಬರ್ನ್‌ರ ನ್ಯಾಯಮಂಡಳಿಯಲ್ಲಿ ಹಗಲು ತೀರ್ಪು ಕೊಟ್ಟವನು ರಾತ್ರಿ ಮಲಗಿದ್ದು ಆ ಮೂರೂಕಾಲು ಅಡಿಯ ತೇವದ ಕಲ್ಲುಗೂಡಿನಲ್ಲೇ. ಆ ಹಳೆಯ ಕಟ್ಟಡ ಪೂರ್ತಿ ಖಾಲಿಯಾದದ್ದು 1943ರಲ್ಲಿ, ಲಾಸ್ ನಿವೃತ್ತರಾದ ಮೇಲೆ. ಟೋಪಿ ಮಾಡುತ್ತಿದ್ದ ಕ್ಯಾಪ್ಟನ್ನನ ಅಳತೆ ನೂರಕ್ಕೂ ಹೆಚ್ಚು ವರ್ಷ ಬಾಳಿತು.

ಲಾಸ್ ನಂತರದವರ ಬಗ್ಗೆ ಹೆಚ್ಚು ಹೇಳುವುದಿಲ್ಲ. 1953ರ ಜೂನ್ 19ರಂದು, ಸೋವಿಯತ್ ಒಕ್ಕೂಟಕ್ಕಾಗಿ ಬೇಹುಗಾರಿಕೆ ಮಾಡಿದರೆಂದು ಶಿಕ್ಷೆಗೊಳಗಾದ ರೋಸನ್‌ಬರ್ಗ್ ದಂಪತಿಯನ್ನು ವಿದ್ಯುತ್ ಕುರ್ಚಿಗೆ ಒಪ್ಪಿಸಿದಾಗ ವಾರ್ಡನ್ ಆಗಿದ್ದವರು ವಿಲ್ಫ್ರೆಡ್ ಡೆನ್ನೊ, ಅವರ ಹೆಸರು ಉಳಿದದ್ದು ಹಾಗೆ. 1970ರಲ್ಲಿ ರಾಜ್ಯ ಸರ್ಕಾರ ವಾರ್ಡನ್ ಎಂಬ ಪದವಿಯನ್ನೇ ತೆಗೆದು ಸೂಪರಿಂಟೆಂಡೆಂಟ್ ಎಂದು ಮಾಡಿತು.

ಲೀಗ್ ಮರಳಿ ಬರಲಿಲ್ಲ. ಆದರೆ 1990ರ ದಶಕದಲ್ಲಿ ಕೈದಿಗಳ ಕಾಲೇಜು ಓದಿಗೆ ಸಿಗುತ್ತಿದ್ದ ಸರ್ಕಾರಿ ಹಣ ನಿಂತುಹೋದಾಗ, ಸಿಂಗ್ ಸಿಂಗ್‌ನ ಕೈದಿಗಳು ಹೊರಗಿನ ಹಿತೈಷಿಗಳನ್ನು ಜೊತೆಗೂಡಿಸಿಕೊಂಡು 1998ರಲ್ಲಿ ಹಡ್ಸನ್ ಲಿಂಕ್ ಎಂಬ ಸಂಸ್ಥೆ ಶುರುವಾಗುವಂತೆ ಮಾಡಿದರು. ಖಾಸಗಿ ದೇಣಿಗೆಯಿಂದ ತರಗತಿಗಳು ಮತ್ತೆ ನಡೆದವು. ಆ ಮೊದಲೇ, 1996ರಲ್ಲಿ, ನಾಟಕ ಬರೆಯಬೇಕೆಂದು ಹೊರಟ ಕೆಲವು ಕೈದಿಗಳಿಂದ ಅಲ್ಲೊಂದು ರಂಗತಂಡವೂ ಹುಟ್ಟಿತ್ತು. ಎರಡಕ್ಕೂ ಮೊದಲ ಹೆಜ್ಜೆ ಇಟ್ಟವರು ಒಳಗಿದ್ದವರು. ಎರಡೂ ಮುಂದೆ ನ್ಯೂಯಾರ್ಕ್ ರಾಜ್ಯದ ಬೇರೆ ಜೈಲುಗಳಿಗೂ ಹರಡಿದವು.

ಪ್ರಶ್ನೆಗಳಿದ್ದರೆ ಕೇಳಿ.